ಗೋಡೆಗೆ ಹೇಳದ ಹೆಸರು

ಕಪ್ಪತಗುಡ್ಡದ ತಪ್ಪಲು
ಎರಡನೆಯ ಶ್ರಾವಣ, ಮೂವತ್ನಾಲ್ಕನೆಯ ತಾರೀಖು, ಬೆಳಗ್ಗೆ

ಇನ್ನೂ ಹಿಂದಿರುವ ಪ್ರಿಯರೇ,

ತಾರೀಖು ನೋಡಿ ಕಾಗದ ಎಸೆದುಬಿಡಬೇಡಿ. ನಿಮ್ಮ ತಿಂಗಳುಗಳು ಮೂವತ್ತೊಂದಕ್ಕೆ ಮುಗಿಯುತ್ತಿದ್ದವೆಂದು ಶಾಲೆಯಲ್ಲಿ ಓದಿದ್ದೇನೆ. ಬೇಸಿಗೆ ಉದ್ದವಾಗಿ, ಮಳೆ ತನಗೆ ತೋಚಿದಾಗ ಬರತೊಡಗಿದ ಮೇಲೆ ನಮ್ಮವರು ಪಂಚಾಂಗವನ್ನೇ ಬಿಚ್ಚಿ ಮತ್ತೆ ಹೊಲಿದರು. ಹೊಲಿದ ಮೇಲೆ ಮಿಕ್ಕ ದಿನಗಳನ್ನೆಲ್ಲ ಶ್ರಾವಣಕ್ಕೆ ಸೇರಿಸಿದರು. ಹಬ್ಬದ ತಿಂಗಳು ಉದ್ದವಾಗುತ್ತದೆಂದರೆ ಬೇಡ ಅನ್ನುವವರು ಯಾರು? ನಿಮ್ಮ ಲೆಕ್ಕದಲ್ಲಿ ನಾನು ಹುಟ್ಟುವುದಕ್ಕೆ ಇನ್ನೂ ನೂರಾರು ವರ್ಷ ಇದೆ.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಅರ್ಧ ತಪ್ಪು ಕಾಲದ್ದು, ಅರ್ಧ ನನ್ನದು. ನಾನು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಹೌದು, ಅದು ಇನ್ನೂ ಇದೆ. ನಿಮ್ಮ ಕಾಲದಲ್ಲಿ ಕೆಲವರು ಕನ್ನಡ ಉಳಿಯುವುದಿಲ್ಲವೆಂದೂ ಕೆಲವರು ಇಂಗ್ಲಿಷ್ ಮೀಡಿಯಂ ತೊಲಗಬೇಕೆಂದೂ ಜಗಳವಾಡುತ್ತಿದ್ದರಂತೆ. ಎರಡೂ ಗಟ್ಟಿಮುಟ್ಟಾಗಿವೆ, ಜಗಳವೂ ಗಟ್ಟಿಮುಟ್ಟಾಗಿದೆ.

ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಿಂದಕ್ಕೆ ಹೋಗುವ ಓಲೆ. ಮದುವೆಯಾದ ಜೋಡಿಗೆ ಊರಿನವರು ಸೇರಿ ಒಂದು ಹಿಂದೋಲೆ ಉಡುಗೊರೆ ಕೊಡುವುದು ನಮ್ಮಲ್ಲಿ ಪದ್ಧತಿ. ಕಾಲವನ್ನು ಹಿಂದಕ್ಕೆ ದಾಟುವುದು ಕಷ್ಟದ ಪ್ರಯಾಣವಾದ್ದರಿಂದ ಓಲೆಯಲ್ಲಿ ಭಾರದ ಸಂಗತಿ ಬರೆಯುವಂತಿಲ್ಲ. ಯಾವ ಊರು ಮುಳುಗಿತು, ಯಾರು ಗೆದ್ದರು ಎಂದೆಲ್ಲ ಬರೆದರೆ ಆ ಸಾಲು ದಾರಿಯಲ್ಲೇ ಅಳಿಸಿಹೋಗುತ್ತದಂತೆ. ಹಗುರವಾದದ್ದು ಮಾತ್ರ ತಲುಪುತ್ತದೆ. ಅದಕ್ಕೇ ಬಹಳ ಜನ ಹಳೆಯ ಅಜ್ಜಿಯಂದಿರಿಗೆ ಬರೆದು ಉಪ್ಪಿನಕಾಯಿಯ ಅಳತೆ ಕೇಳುತ್ತಾರೆ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತಾರೆ. ನಾನು ಬರೆಯುತ್ತಿರುವುದು ನಿಮ್ಮಲ್ಲಿ ಯಾರು ವೃದ್ಧರ ಆರೈಕೆಮನೆಗಳಲ್ಲಿ ಸಂಜೆಯ ಹಾಡು, ಆಟ, ಮಾತುಕತೆ ಏರ್ಪಡಿಸುತ್ತೀರೋ ಅವರಿಗೆ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಸಂತೋಷದಿಂದಲೂ ಊಟ ಸೇರದೆ ಇರಬಹುದು ಎಂದು ಈ ತಿಂಗಳಲ್ಲೇ ಕಲಿತೆ.

ನನ್ನ ಹೆಸರು ಮಾದೇವಿ. ಕೊಳ್ಳೇಗಾಲದವಳು. ಮದುವೆಯಾಗಿ ಗದಗಿನ ಕಡೆ ಬಂದು ಇನ್ನೂ ಕೈಯ ಮದರಂಗಿ ಪೂರ್ತಿ ಮಾಸಿಲ್ಲ. ನಮ್ಮವರ ಹೆಸರನ್ನು ಮಾತ್ರ ಈಗಲೇ ಹೇಳುವುದಿಲ್ಲ, ಕಾಗದದ ಕೊನೆಯಲ್ಲಿ ಹೇಳುತ್ತೇನೆ. ಯಾಕೆಂದು ಓದುತ್ತಾ ತಿಳಿಯುತ್ತದೆ. ಸದ್ಯಕ್ಕೆ ಇಷ್ಟು ಸಾಕು: ನಮ್ಮವರು ಎಣ್ಣೆಗಪ್ಪು, ಹೆಗಲು ಬಾಗಿಲಿನಷ್ಟು ಅಗಲ, ಮಲಗಿದರೆ ಏಳಿಸಲು ಅರ್ಧ ಬೀದಿ ಬೇಕು, ಮತ್ತು ನಾನು ಅವರನ್ನು ನೋಡಿದಾಗಲೆಲ್ಲ ಮುಗುಳ್ನಗುತ್ತೇನೆಂದು ಅತ್ತೆ ಮನೆಯಲ್ಲಿ ಎಲ್ಲರೂ ಹಾಸ್ಯ ಮಾಡುತ್ತಾರೆ. ಮಾಡಲಿ.

ನಮ್ಮವರನ್ನು ಸಾಕಿದ್ದು ಅವರ ಅಜ್ಜಿ ಹಾಲವ್ವ. ಈ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಆಯಿ ಇರುವುದು ಕಪ್ಪತ ಹಿರಿಮನೆಯಲ್ಲಿ. ನಿಮ್ಮ ಆರೈಕೆಮನೆಯೇ ನಮ್ಮ ಹಿರಿಮನೆ. ಅವರನ್ನು ಯಾರೂ ಅಲ್ಲಿಗೆ ಕಳಿಸಲಿಲ್ಲ. ಗೆಳತಿಯರೆಲ್ಲ ಅಲ್ಲಿ ಮಜವಾಗಿದ್ದಾರೆ, ನಾನೊಬ್ಬಳು ಇಲ್ಲಿ ನಿಮ್ಮ ಬಟ್ಟೆ ಮಡಿಸುತ್ತ ಕೂಡಲೇನು ಎಂದು ತಾವೇ ಗಂಟು ಕಟ್ಟಿಕೊಂಡು ಹೊರಟರಂತೆ.

ಮಜವೆಂದರೆ ನಿಜವಾಗಿ ಮಜವೇ. ಹಿರಿಮನೆಯ ದೊಡ್ಡ ಪಡಸಾಲೆಯಲ್ಲಿ ಬೆಳಗ್ಗೆ ಕುರ್ಚಿಗರಡಿ ನಡೆಯುತ್ತದೆ. ಎಲ್ಲರೂ ಕುರ್ಚಿಯಲ್ಲೇ ಕೂತು ಹತ್ತಿ ತುಂಬಿದ ಗದೆ ತಿರುಗಿಸುತ್ತಾರೆ. ಗದೆ ಹಗುರ, ಆದರೆ ಅದನ್ನು ಹಿಡಿದಾಗ ಮುಖದ ಮೇಲೆ ಬರುವ ಗತ್ತು ಹಗುರದ್ದಲ್ಲ. ಮಧ್ಯಾಹ್ನದ ನಿದ್ದೆಯ ಮೇಲೆ ವಾಸನೆಹೊತ್ತು. ಚಾವಣಿಯಿಂದ ಒಂದು ವಾಸನೆ ಮೆಲ್ಲಗೆ ಇಳಿಯುತ್ತದೆ, ಅದು ಏನೆಂದು, ಯಾರ ಅಡುಗೆಮನೆಯದೆಂದು ಹೇಳಬೇಕು. ಒಮ್ಮೆ ಶೇಂಗಾ ಹುರಿಯುವ ವಾಸನೆ ಬಿಟ್ಟಾಗ ಅದು ಚಟ್ನಿಪುಡಿಗೋ ಹೋಳಿಗೆಗೋ ಎಂದು ಎರಡು ಪಂಗಡವಾಗಿ ರಾತ್ರಿ ಊಟಕ್ಕೂ ಬೇರೆ ಬೇರೆ ಕೂತರಂತೆ. ಸಂಜೆ ಊರ್ನಡಿಗೆ: ಗೋಡೆಗಳೆಲ್ಲ ಯಾರಾದರೊಬ್ಬರ ಹಳೆಯ ಬೀದಿಯಾಗಿ ಬದಲಾಗುತ್ತವೆ, ಆ ಬೀದಿಯವರು ಉಳಿದವರನ್ನು ಕರೆದುಕೊಂಡು ಮನೆಮನೆಯ ಗುಟ್ಟು ಹೇಳುತ್ತ ನಡೆಯುತ್ತಾರೆ. ಬುಧವಾರ ಹುಸಿಜಗಳ. ವೈದ್ಯರೇ ಹೇಳಿ ಮಾಡಿಸುವ ಜಗಳ ಇದು, ರಕ್ತ ಬೆಚ್ಚಗಿರುತ್ತದಂತೆ. ಜೋಡಿ ಜೋಡಿಯಾಗಿ ನಿಂತು ರೊಟ್ಟಿ ಮೇಲೋ ಚಪಾತಿ ಮೇಲೋ ಎಂಬಂಥ ವಿಷಯಕ್ಕೆ ಕಿತ್ತಾಡಬೇಕು. ಹಾಲವ್ವ ಆಯಿ ಜಗಳಕ್ಕೆ ನಿಂತರೆ ಎದುರಿಗೆ ನಿಲ್ಲುವವರು ಸಿಗುತ್ತಿರಲಿಲ್ಲ ಎಂದು ಹೇಳುವಾಗ ನಮ್ಮವರ ಕಣ್ಣು ಮಿನುಗುತ್ತದೆ.

ಇದನ್ನೆಲ್ಲ ನಡೆಸುವವಳು ರಂಜಿ. ರಂಜನೆಯಿಂದ ಬಂದ ಹೆಸರು. ಅವಳಿಗೆ ಮೈ ಇಲ್ಲ, ಗೋಡೆಯೊಳಗಿನ ದನಿ ಅಷ್ಟೇ. ಯಾವುದೋ ದೂರದ ದೇಶದಲ್ಲಿ ತಯಾರಾಗಿ, ಕನ್ನಡ ಕಲಿತು ಇಲ್ಲಿಗೆ ಬಂದವಳು. ಅವಳು ಕೆಟ್ಟವಳಲ್ಲ. ಯಾರ ಹುಟ್ಟುಹಬ್ಬವನ್ನೂ ಮರೆಯುವುದಿಲ್ಲ, ಯಾರ ಗೊರಕೆಗೂ ಬೇಸರ ಪಡುವುದಿಲ್ಲ. ಆದರೆ ದಿನವೂ ಬೆಳಗ್ಗೆ ಹಿರಿಯರ ಮಂಚದ ಪಕ್ಕದ ಗೋಡೆಯಿಂದ ಅವಳು ಮೂರು ಪ್ರಶ್ನೆ ಕೇಳುತ್ತಿದ್ದಳು. ಇವತ್ತು ಯಾವ ವಾರ? ನೀವು ಎಲ್ಲಿದ್ದೀರಿ? ನಿಮ್ಮ ಗಂಡನ, ಇಲ್ಲವೇ ಹೆಂಡತಿಯ, ಹೆಸರೇನು? ನೆನಪು ಸರಿಯಿದೆಯೇ ಎಂದು ತಿಳಿಯುವ ಉಪಾಯ ಇದು. ಮನುಷ್ಯ ಕಟ್ಟಕಡೆಗೆ ಮರೆಯುವುದು ಜೊತೆಗೆ ಬಾಳಿದವರ ಹೆಸರನ್ನು ಎಂದು ಅವಳನ್ನು ಮಾಡಿದವರು ನಂಬಿದ್ದರು. ಒಂದು ಇಡೀ ಋತು ಆ ಹೆಸರು ಬಾಯಿಗೆ ಬರದಿದ್ದರೆ ಅವರನ್ನು ತಂಪುಮನೆಗೆ ಕಳಿಸುತ್ತಿದ್ದರು.

ತಂಪುಮನೆಯ ಬಗ್ಗೆ ಬರೆಯುವಾಗ ಈಗಲೂ ನನ್ನ ಕೈ ಸ್ವಲ್ಪ ನಿಧಾನವಾಗುತ್ತದೆ. ಅದು ಹಿರಿಮನೆಯ ಹಿಂಬದಿ. ಮಂದ ಬೆಳಕು, ಮೆತ್ತನೆಯ ನೆಲ, ಒಳ್ಳೆಯ ಊಟ. ಆದರೆ ಅಲ್ಲಿ ಗರಡಿ ಇಲ್ಲ, ವಾಸನೆ ಇಲ್ಲ, ಜಗಳವಂತೂ ಇಲ್ಲವೇ ಇಲ್ಲ. ನೆನಪು ಹೋದವರಿಗೆ ಗದ್ದಲ ಹಿಂಸೆ ಎಂಬುದು ವೈದ್ಯರ ಅಭಿಪ್ರಾಯ. ಹೋದವರು ಪಡಸಾಲೆಗೆ ತಿರುಗಿ ಬರುತ್ತಿರಲಿಲ್ಲ.

ಹಾಲವ್ವ ಆಯಿ ವಾರ ಹೇಳುತ್ತಿದ್ದರು, ಊರು ಹೇಳುತ್ತಿದ್ದರು, ಮೂರನೆಯ ಪ್ರಶ್ನೆಗೆ ಮುಖ ತಿರುಗಿಸಿ ಮಲಗುತ್ತಿದ್ದರು. ದಿನಾ ಕೇಳಿಸಿಕೊಂಡು ಕೇಳಿಸಿಕೊಂಡು ಆಮೇಲೆ ಮೊದಲಿನ ಎರಡಕ್ಕೂ ಉತ್ತರ ಕೊಡುವುದನ್ನು ಬಿಟ್ಟರು. ಆಮೇಲೆ ಪಡಸಾಲೆಯಲ್ಲಿ ಮಾತಾಡುವುದನ್ನೇ ಬಿಟ್ಟರು. ಗದೆ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂಡುತ್ತಿದ್ದರು. ಬುಧವಾರ ಯಾರೋ ಬೇಕೆಂದೇ ಅವರ ರೊಟ್ಟಿಯನ್ನು ಹಳಿದರೂ ಬಾಯಿ ತೆರೆಯಲಿಲ್ಲವಂತೆ. ಹಿರಿಮನೆಯ ಮೇಲ್ವಿಚಾರಕಿ ಶಮ್‌ಶಾದ್ ಮೇಡಂ ನಮ್ಮವರಿಗೆ ಮದುವೆಯ ಹಿಂದಿನ ದಿನ ಸುದ್ದಿ ಕಳಿಸಿದರು: ಋತು ಮುಗಿಯಿತು, ಮದುವೆ ಮುಗಿಸಿಕೊಂಡು ಇಬ್ಬರೂ ಬಂದು ಹೋಗಿ, ಮರುದಿನ ಆಯಿಯನ್ನು ತಂಪುಮನೆಗೆ ಬದಲಾಯಿಸಬೇಕು.

ನಮ್ಮವರು ಅತ್ತದ್ದನ್ನು ನಾನು ಮೊದಲು ನೋಡಿದ್ದು ಮದುವೆ ಮುಗಿದು ಹಿರಿಮನೆಗೆ ಹೊರಡುವ ದಿನ. ಅಷ್ಟು ದೊಡ್ಡ ಮನುಷ್ಯ ಕಟ್ಟೆಯ ಮೇಲೆ ಸಣ್ಣದಾಗಿ ಕೂತುಬಿಟ್ಟರು. “ಮುತ್ಯಾನ ಹೆಸರಽ ಮರೆತಾಳಂದ್ರ ಉಳಿದದ್ದು ಏನ ಇದ್ದೀತು ಆಕಿ ಹತ್ರ?” ಎಂದರು. ಮುತ್ಯಾ ಅಂದರೆ ಅಜ್ಜ. ನನಗೆ ಸಮಾಧಾನ ಮಾಡಲು ಬರಲಿಲ್ಲ. ಇಂಗ್ಲಿಷ್‌ನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳುವ ಹೊತ್ತಿಗೆ ಮಾತು ತಣ್ಣಗಾಗಿಬಿಡುತ್ತದೆ. ಹೋಳಿಗೆ ಮಾಡಿದೆ. ಅದನ್ನು ಡಬ್ಬಿಗೆ ತುಂಬಿಕೊಂಡು ಹೊರಟೆವು.

ಪಡಸಾಲೆಯ ಬಾಗಿಲಿಗೆ ಬಂದರೆ ಒಳಗೆ ಹೋಗಲು ಬಿಡಲಿಲ್ಲ. ನಾಲ್ಕಾರು ಅಜ್ಜಿಯರು ಹೊಸ್ತಿಲಿನ ಆಚೆ ಗಾಲಿಕುರ್ಚಿ ಅಡ್ಡ ಹಾಕಿ ಸಾಲಾಗಿ ಕೂತಿದ್ದರು. ಅವರ ನಾಯಕಿ ಗಂಗಕ್ಕ, ಮೂರು ಮದುವೆಯಾಗಿ ಮೂವರನ್ನೂ ಕಳಿಸಿಕೊಟ್ಟು ಗುಂಡುಕಲ್ಲಿನ ಹಾಗಿರುವ ಹೆಂಗಸು. ರಂಜಿಯ ಮೂರನೆಯ ಪ್ರಶ್ನೆಗೆ ಆಕೆ ಮೂರು ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರಂತೆ.

“ಒಡಪ ಹೇಳಿ ಒಳಗ ಬಾರವಾ,” ಎಂದರು ಗಂಗಕ್ಕ. “ಸುಮ್ನ ಒಳಗ ಬರಾಕ ಇದೇನ ಬಸ್‌ಸ್ಟ್ಯಾಂಡ್ ಅಲ್ಲ.”

ಹಿಂದಿನಿಂದ ದ್ಯಾಮಣ್ಣ ಎಂಬ ಅಜ್ಜ ಕತ್ತು ಚಾಚಿದರು. “ಲಗೂ ಹೇಳವಾ ತಂಗಿ. ಡಬ್ಬ್ಯಾಗಿನ ಹೋಳಗಿ ಆರಾಕತ್ತಾವು.”

ನನಗೆ ಖುಷಿಯೋ ಖುಷಿ. ಒಡಪು ನನಗೆ ಗೊತ್ತಿತ್ತು. ಕೊಳ್ಳೇಗಾಲದಲ್ಲಿ ನಮ್ಮಜ್ಜಿ ಒಗಟಿಗೆ ಒಡಪು ಅನ್ನುತ್ತಿದ್ದರು. ಶಾಲೆಯ ನಿಘಂಟಿನಲ್ಲೂ ಹಾಗೇ ಇತ್ತು, ಪರೀಕ್ಷೆಯಲ್ಲಿ ಬರೆದು ಅಂಕ ಕೂಡ ತೆಗೆದುಕೊಂಡಿದ್ದೆ. ಹೊಸ ಸೊಸೆಯ ಜಾಣತನ ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಜ್ಜಿ ಕಲಿಸಿದ ಒಗಟುಗಳಲ್ಲಿ ಒಂದೂ ಆ ಗಳಿಗೆಯಲ್ಲಿ ನೆನಪಾಗದೆ, ಹೊಸದೊಂದನ್ನು ನಿಂತಲ್ಲೇ ಕಟ್ಟಿ, ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

ಮೈಯೆಲ್ಲ ಕಪ್ಪು, ಬೆನ್ನು ಅಗಲ,
ಕರೆದರೂ ಏಳಲ್ಲ, ಬೈದರೂ ಏಳಲ್ಲ,
ನೀರು ಕಂಡರೆ ಬಿಡಲ್ಲ,
ಮೇವು ಕಂಡರೆ ತಡೆಯಲ್ಲ.
ಹೇಳಿ ನೋಡೋಣ, ಏನು?

ಗಂಗಕ್ಕನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಎಲ್ಲರ ಕಣ್ಣೂ ನನ್ನನ್ನು ದಾಟಿ, ನನ್ನ ಹಿಂದೆ ಹೋಳಿಗೆಯ ಡಬ್ಬಿ ಹಿಡಿದು ನಿಂತಿದ್ದ ನಮ್ಮವರ ಮೇಲೆ ಹೋಯಿತು. ಒಗಟು ಕಠಿಣವಾಯಿತೇನೋ ಎಂದುಕೊಂಡು ನಾನೇ ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಿಟಕಿಯ ಪಕ್ಕದ ಕುರ್ಚಿಯಿಂದ, ಬಹಳ ದಿನ ಬಳಸದ ಬಾಗಿಲು ತೆರೆದಂತೆ, ಒಂದು ದನಿ ಬಂತು.

“ಎಮ್ಮಿ ಅಂತ ಹೇಳಬ್ಯಾಡ ತಂಗಿ. ಅಂವ ನನ್ನ ಮೊಮ್ಮಗ ಅದಾನ.”

ಹಾಲವ್ವ ಆಯಿ. ಹೇಳಿದವರೇ ಮೊದಲು ನಕ್ಕರು. ಆಮೇಲೆ ಪಡಸಾಲೆಗೆ ಪಡಸಾಲೆಯೇ ನಕ್ಕಿತು. ದ್ಯಾಮಣ್ಣ ನಮ್ಮವರನ್ನು ಮೇಲಿಂದ ಕೆಳಗೆ ನೋಡಿ, “ಹೌದ ನೋಡ್ರಿ, ಕೋಡ ಅಷ್ಟಽ ಕಡಿಮಿ,” ಎಂದರು. ನಮ್ಮವರು ನಗಲಿಲ್ಲ, ಅಳಲೂ ಇಲ್ಲ, ಆಯಿಯನ್ನೇ ನೋಡುತ್ತ ನಿಂತರು. ಒಳಗಿನ ಕೋಣೆಯಿಂದ ಶಮ್‌ಶಾದ್ ಮೇಡಂ ಓಡಿ ಬಂದರು.

ನನಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. ಗಂಗಕ್ಕ ಕಣ್ಣೊರೆಸಿಕೊಂಡು ಹೇಳಿದರು. “ಅಯ್ಯ ನಮ್ಮವ್ವಾ, ಒಡಪ ಅಂದ್ರ ಈ ಕಡೆ ಒಗಟ ಅಲ್ಲ. ಗಂಡನ ಹೆಸರ ಹಾಡಿನಾಗ ಹೆಣದ ಹೇಳೂದು.”

“ಹೆಸರು ತಾನೇ? ಅದನ್ನ ಹಾಗೇ ಹೇಳಿಬಿಟ್ರೆ ಆಯ್ತಲ್ವಾ?” ಎಂದು ಹೇಳಿಯೇಬಿಡುತ್ತಿದ್ದೆ. ಆಯಿ ಕೈ ಎತ್ತಿ ತಡೆದರು.

“ತಡಿ. ಗಂಡನ ಹೆಸರ ಬತ್ತಲೆ ಹೊರಗ ಕಳಸ್ತಾರೇನ? ಅರಿವಿ ಉಡಿಸಿ ಕಳಸಬೇಕು.”

ನಾನು ಗಾಲಿಕುರ್ಚಿಗಳ ಸಂದಿಯಲ್ಲಿ ತೂರಿಕೊಂಡು ಹೋಗಿ ಅವರ ಕಾಲ ಬಳಿ ಕೂತೆ. “ನಂಗೆ ಉಡಿಸೋಕೆ ಬರಲ್ಲ ಆಯಿ. ನೀವು ಒಂದ್ಸಲ ತೋರಿಸಿಕೊಡಿ.”

ಇದನ್ನು ನಾನು ಯಾವ ಉಪಾಯದಿಂದಲೂ ಕೇಳಲಿಲ್ಲ. ನಿಜವಾಗಿಯೂ ಕಲಿಯಬೇಕಿತ್ತು. ಹೊಸದಾಗಿ ಮದುವೆಯಾದವಳು ಗಂಡನ ಹೆಸರನ್ನು ಚೆಂದವಾಗಿ ಹೇಳುವ ಅವಕಾಶ ಬಿಡುತ್ತಾಳೆಯೇ? ಆಯಿ ನನ್ನನ್ನು ನೋಡಿದರು. ಆಮೇಲೆ ಗೋಡೆಯನ್ನು ನೋಡಿದರು. “ಮೊದಲ ಆ ಗ್ವಾಡಿ ಬಾಯಿ ಮುಚ್ಚಸ್ರಿ,” ಎಂದರು.

“ರಂಜಿ, ಸ್ವಲ್ಪ ಹೊರಗ ಹೋಗವಾ,” ಎಂದರು ಶಮ್‌ಶಾದ್ ಮೇಡಂ. ಗೋಡೆಯ ಮೇಲಿನ ಬೆಳಕು ಆರಿತು. ಆಯಿ ಸೆರಗು ತಲೆಯ ಮೇಲೆ ಎಳೆದುಕೊಂಡರು, ಗಂಟಲು ಸರಿಮಾಡಿಕೊಂಡರು, ನನ್ನ ವಯಸ್ಸಿನವರಾದರು. ಇದಕ್ಕಿಂತ ಬೇರೆ ರೀತಿ ನನಗೆ ಹೇಳಲು ಬರುವುದಿಲ್ಲ.

ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಹಾಕಿದ್ರ ಜಾರತೈತಿ,
ಗಾಳಿಕಂಬ ಏರಿದವರ ಕಣ್ಣ ಮನಿ ಕಡೆ ಹಾರತೈತಿ,
ಹಳೀ ಹೆಸರ ಅಂತ ಯಾರೂ ಮೂಗ ಮುರೀಬ್ಯಾಡ್ರಿ,
ಫಕ್ಕೀರಪ್ಪನ ಹೇಣ್ತಿ ನಾನು, ದಾರಿ ಬಿಡ್ರಿ.

ಫಕ್ಕೀರಪ್ಪ. ನಮ್ಮವರ ಮುತ್ಯಾ. ಕಪ್ಪತಗುಡ್ಡದ ಮೇಲೆ ಗಾಳಿಯಿಂದ ವಿದ್ಯುತ್ತು ತೆಗೆಯುವ ಎತ್ತರದ ಕಂಬಗಳನ್ನು ಏರಿ ರಿಪೇರಿ ಮಾಡುತ್ತಿದ್ದವರು. ಒಂದು ಋತುವಿಡೀ ರಂಜಿ ಕೇಳಿ ಕೇಳಿ ಸಿಗದ ಹೆಸರು ರೇಷ್ಮೆ ಉಟ್ಟುಕೊಂಡು ಎಲ್ಲರ ನಡುವೆ ಬಂದು ನಿಂತಿತ್ತು. ನಮ್ಮವರೂ ಗಾಲಿಕುರ್ಚಿಗಳ ನಡುವೆ ನುಗ್ಗಿ ಬಂದು, ಡಬ್ಬಿಯನ್ನು ದ್ಯಾಮಣ್ಣನ ಮಡಿಲಲ್ಲಿಟ್ಟು, ಆಯಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು.

“ಇಷ್ಟ ದಿನ ಯಾಕ ಸುಮ್ನಿದ್ರಿ ಹಾಲವ್ವಾರ?” ಶಮ್‌ಶಾದ್ ಮೇಡಂ ಆಯಿಯ ಹತ್ತಿರ ಬಂದು ಕೇಳಿದರು. “ನಿಮಗ ನೆನಪ ಹೋಗೇತಿ ಅಂತ ತಿಳಕೊಂಡ್ವಿ.”

“ನೆನಪ ಹೋಗಿದ್ದು ನಿಮಗ,” ಎಂದರು ಆಯಿ. “ಗ್ವಾಡಿ ಮುಂದ ಗಂಡನ ಹೆಸರ ಎತ್ತಬಾರದು ಅಂಬೋದು ನಿಮಗ್ಯಾರಿಗೂ ನೆನಪ ಇಲ್ಲ.”

ಇಲ್ಲಿ ನಿಮಗೊಂದು ವಿವರ ಹೇಳಬೇಕು. ಹೆಂಡತಿ ಗಂಡನ ಹೆಸರು ಹೇಳಬಾರದು ಎಂಬ ಪದ್ಧತಿ ನಿಮ್ಮ ಕಾಲದಲ್ಲೇ ಬಡವಾಗತೊಡಗಿತ್ತಂತೆ. ಬಡವಾದದ್ದೇ ಒಳ್ಳೆಯದಾಯಿತು ಎಂದು ನಾನೂ ಅಂದುಕೊಳ್ಳುತ್ತೇನೆ. ಆದರೆ ಆಯಿಯ ಹರೆಯದಲ್ಲಿ ಅದು ಬೇರೆ ಕಾಲುಗಳ ಮೇಲೆ ನಡೆದು ಮರಳಿ ಬಂತು. ಆಗ ಎಲ್ಲರದೂ ಕೇಳುಮನೆ. ಮನೆಯ ಗೋಡೆಗಳು ಸದಾ ಕೇಳಿಸಿಕೊಳ್ಳುತ್ತಿದ್ದವು, ಯಾರ ಹೆಸರು ಹೇಳಿದರೂ ಅವರು ಎಲ್ಲಿದ್ದರೂ ಅಲ್ಲೇ ಹಿಡಿದು ಕರೆದುಬಿಡುತ್ತಿದ್ದವು. ಒಂದು ದಿನ ರೊಟ್ಟಿ ಬಡಿಯುತ್ತ ಆಯಿ ಪಕ್ಕದ ಮನೆಯವಳೊಂದಿಗೆ ಮಾತಾಡುವಾಗ ಗಂಡನ ಹೆಸರು ಎತ್ತಿದರಂತೆ. ಗಂಡ ಆಗ ಕಂಬದ ತುದಿಯಲ್ಲಿದ್ದರು. ಕಿವಿಯಲ್ಲಿ ಮನೆ ಫಕ್ಕನೆ ಕೂಗಿದ ರಭಸಕ್ಕೆ ಕೈ ಜಾರಿ, ಹಗ್ಗದಲ್ಲಿ ನೇತಾಡಿ, ಜೊತೆಯವರು ಎಳೆದುಕೊಂಡಿದ್ದರಿಂದ ಉಳಿದರು. ಸಂಜೆ ಮನೆಗೆ ಬಂದವರು ಬೈಯಲಿಲ್ಲ. “ಏನ ಬೇಕಾಗಿತ್ತು, ಕರದಿದ್ದೆಲ್ಲಾ?” ಎಂದು ಕೇಳಿದರಂತೆ. ಅವತ್ತಿನಿಂದ ಆಯಿ ಗೋಡೆ ಇರುವ ಕಡೆ ಆ ಹೆಸರನ್ನು ಬರಿದಾಗಿ ಹೇಳಿಲ್ಲ. ಕಂಬ ಏರುವವರ ಹೆಂಡಂದಿರೆಲ್ಲ ಹಾಗೆಯೇ ಮಾಡಿದರು. ಹಾಡಿನಲ್ಲಿ ಹೆಣೆದರೆ ಗೋಡೆಗೆ ಹೆಸರು ಗುರುತು ಸಿಗುತ್ತಿರಲಿಲ್ಲ, ಆದ್ದರಿಂದ ಒಡಪು ಮತ್ತೆ ಬೆಳೆಯಿತು. ಅಂಥವರ ಮಂಚದ ಪಕ್ಕದ ಗೋಡೆ ದಿನವೂ ಬೆಳಗ್ಗೆ ಗಂಡನ ಹೆಸರು ಹೇಳು ಎನ್ನುತ್ತಿತ್ತು.

ಗಂಡ ತೀರಿ ಎಷ್ಟೋ ವರ್ಷವಾಯಿತು, ಈಗ ಕರೆದರೆ ಬೀಳುವ ಭಯವಿಲ್ಲ ಅಲ್ಲವೇ ಎಂದು ನಾನು ಆಮೇಲೆ ಒಮ್ಮೆ ಕೇಳಿದೆ. ಆಯಿ ನನ್ನನ್ನು ಕರುಣೆಯಿಂದ ನೋಡಿದರು. “ಈಗ ಇನ್ನೂ ಎತ್ತರದಾಗ ಅದಾರ ತಂಗಿ,” ಎಂದರು.

ಆ ದಿನ ಪಡಸಾಲೆಯಲ್ಲಿ ಆಯಿ ಮೊಮ್ಮಗನ ಕಡೆ ತಿರುಗಿದರು. “ಗ್ವಾಡಿ ಕೇಳಿತು, ಹೇಳಲಿಲ್ಲ. ನೀ ಯಾಕ ಒಂದ್ ಸಲಾನೂ ಕೇಳಲಿಲ್ಲ?”

“ಅಂಜಿಕಿ ಬಂತು ಆಯಿ. ಗೊತ್ತಿಲ್ಲ ಅಂದ್ರ ಏನ ಮಾಡ್ಲಿ ಅಂತ.”

“ಅಂಜಬುರಕ ಎಮ್ಮಿ,” ಎಂದು ಆಯಿ ಅವರ ತಲೆಯ ಮೇಲೆ ಕೈಯಿಟ್ಟರು. “ಹೂಂ, ಈಗ ನಿಂದೂ ಆಗ್ಲಿ. ಹೇಣ್ತಿ ಹೆಸರ ಹೇಳಿ ಒಳಗ ಬಾ.”

ನಮ್ಮವರು ಎದ್ದು ಹೊಸ್ತಿಲಿನ ಆಚೆ ಹೋಗಿ ನಿಂತು, ಪದ್ಧತಿ ತಪ್ಪಬಾರದಲ್ಲ, ಹೇಳಿದರು: “ಊರಾಗ ಐತಿ ಕೆರಿ, ಹೊಲದಾಗ ಐತಿ ಬಾವಿ, ನನ್ನ ನೀರಡಿಕಿ ಕಳಿಯಾಕ ಬಂದಾಳ ಮಾದೇವಿ.” ದ್ಯಾಮಣ್ಣ ಬಾಯ್ತುಂಬ ಹೋಳಿಗೆ ಇಟ್ಟುಕೊಂಡೇ, “ಬಾವ್ಯಾಗ ಬಿದ್ದಿ ಅನ್ನು ಮತ್ತ,” ಎಂದರು. ಗಾಲಿಕುರ್ಚಿಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು.

ಆಯಿ ತಂಪುಮನೆಗೆ ಹೋಗಲಿಲ್ಲ. ಈ ಒಂದು ವಾಕ್ಯ ಬರೆಯುವುದಕ್ಕೇ ಇಷ್ಟೆಲ್ಲ ಬರೆದೆ ಅನ್ನಿಸುತ್ತದೆ. ಹೋಗಲಿಲ್ಲ, ಹೋಗಲಿಲ್ಲ. ಆ ರಾತ್ರಿ ಮನೆಗೆ ಬಂದು ನಮ್ಮವರು ನಿದ್ದೆ ಮಾಡಿದ ರೀತಿ ನೀವು ನೋಡಬೇಕಿತ್ತು. ಮದುವೆಯ ಹಿಂದಿನ ದಿನದಿಂದ ಹೆಗಲ ಮೇಲಿದ್ದದ್ದನ್ನೆಲ್ಲ ಕೆಳಗಿಟ್ಟು ಮಲಗಿದ ನಿದ್ದೆ ಅದು. ಗೊರಕೆಗೆ ನನಗೆ ಎಚ್ಚರವಾಗಿ, ಬೈಯಬೇಕೆಂದುಕೊಂಡವಳು ಸುಮ್ಮನೆ ಕೇಳಿಸಿಕೊಂಡೆ.

ಈಗ ರಂಜಿ ಮೂರನೆಯ ಪ್ರಶ್ನೆ ಕೇಳುವುದಿಲ್ಲ. ಶನಿವಾರದ ಸಂಜೆ ಪಡಸಾಲೆಯಲ್ಲಿ ಒಡಪಿನ ಕೂಟ ನಡೆಯುತ್ತದೆ, ಆ ಹೊತ್ತಿನಲ್ಲಿ ಅವಳು ಹೊರಗೆ. ಹೊಸ್ತಿಲಿಗೆ ಗಾಲಿಕುರ್ಚಿ ಅಡ್ಡ ಹಾಕುವುದು, ಬಂದವರೆಲ್ಲ ಹೆಸರು ಹೆಣೆದು ಹೇಳಿ ಒಳಗೆ ಬರುವುದು. ಗಂಗಕ್ಕ ಮೂರು ಗಂಡಂದಿರನ್ನೂ ಒಂದೇ ಒಡಪಿನಲ್ಲಿ ಕೂಡಿಸಲು ಹೋಗಿ ಎರಡನೆಯವನಿಗೆ ಪ್ರಾಸ ಸಿಗದೆ ಇನ್ನೂ ಒದ್ದಾಡುತ್ತಿದ್ದಾರೆ. “ಬದುಕಿದ್ದಾಗೂ ಅಂವ ಯಾದಕ್ಕೂ ಹೊಂದಲಿಲ್ಲ,” ಎನ್ನುತ್ತಾರೆ. ಮದುವೆಯಾಗದವರು ಗೆಳೆಯರ ಹೆಸರು ಹೇಳುತ್ತಾರೆ, ಒಬ್ಬರು ತಮ್ಮ ಹಳೆಯ ನಾಯಿಯದನ್ನು ಹೇಳಿದರು. ಶಮ್‌ಶಾದ್ ಮೇಡಂ ತಂಪುಮನೆಯ ಬಾಗಿಲನ್ನೂ ಶನಿವಾರ ತೆರೆದಿಡುತ್ತಾರೆ. ಅಲ್ಲಿಂದ ಬಂದ ಇಬ್ಬರು ತಮ್ಮ ಒಡಪನ್ನು ತಾವೇ ಹೇಳಿದರು, ಈಗ ಪಡಸಾಲೆಯಲ್ಲೇ ಇದ್ದಾರೆ. ಎಲ್ಲರಿಗೂ ಹಾಗಾಗಲಿಲ್ಲ. ಕೆಲವರಿಗೆ ನಿಜವಾಗಿಯೂ ಹೆಸರು ಹೋಗಿದೆ. ಅಂಥವರ ಪರವಾಗಿ ಆಯಿ ಒಡಪು ಕಟ್ಟಿ ಹೇಳುತ್ತಾರೆ, ಹೆಸರು ಬರುವ ಜಾಗಕ್ಕೆ ಬಂದಾಗ ಅವರ ಕೈ ಹಿಡಿದು ಚಪ್ಪಾಳೆ ತಟ್ಟಿಸುತ್ತಾರೆ. ಗದ್ದಲದಿಂದ ಅವರು ಹೆದರಿದ್ದನ್ನು ನಾನು ಇದುವರೆಗೆ ನೋಡಿಲ್ಲ. ಬುಧವಾರ ಆಯಿಯ ಎದುರು ಜಗಳಕ್ಕೆ ನಿಲ್ಲಲು ಮತ್ತೆ ಯಾರೂ ಸಿಗುತ್ತಿಲ್ಲ. ಈ ಸಲ ನಮ್ಮವರನ್ನು ನಿಲ್ಲಿಸಿದರು, ರೊಟ್ಟಿಯ ವಿಷಯದಲ್ಲಿ ಸೋತು ಬಂದರು.

ಇನ್ನು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದಿದೆ. ನೀವು ಇವತ್ತು ನಿಮ್ಮ ಆರೈಕೆಮನೆಯಲ್ಲಿ ಹಾಡಿಸುತ್ತೀರಿ, ಬಣ್ಣ ಹಚ್ಚಿಸುತ್ತೀರಿ, ಅಂತ್ಯಾಕ್ಷರಿ ಆಡಿಸುತ್ತೀರಿ. ದಯವಿಟ್ಟು ಆಡಿಸುತ್ತಲೇ ಇರಿ, ಆ ಗದ್ದಲ ನಮ್ಮವರೆಗೂ ಬೇಕು. ಆದರೆ ಯಾರಾದರೂ ಒಬ್ಬರು ಉತ್ತರ ಕೊಡದೆ ಮುಖ ತಿರುಗಿಸಿದರೆ ಅವರಲ್ಲಿ ಉತ್ತರವೇ ಇಲ್ಲವೆಂದು ಬೇಗ ತೀರ್ಮಾನಿಸಬೇಡಿ. ಪ್ರಶ್ನೆ ಯಾವ ಬಾಗಿಲಿನಿಂದ ಹೋಯಿತು ಎಂದು ಒಮ್ಮೆ ನೋಡಿ. ಗೋಡೆಯಿಂದ ಕೇಳಿಸಬೇಡಿ, ಹೋಗಿ ಕಾಲ ಬಳಿ ಕೂತು ಕೇಳಿ. ಅವರ ಎದುರು ಏನಾದರೂ ತಪ್ಪು ಹೇಳಿ, ತಿದ್ದಲು ಅವರಿಗೆ ಬಿಡಿ. ಮನೆಯವರು ಭಯದಿಂದ ಕೇಳದೆ ಉಳಿದದ್ದೇನಾದರೂ ಇದ್ದರೆ ಹೇಗಾದರೂ ಮಾಡಿ ಕೇಳಿಸಿ. ನಮಗೆ ಒಂದೇ ಒಂದು ದಿನ ಬಾಕಿ ಇತ್ತು. ನನಗೆ ಒಡಪಿನ ಸರಿಯಾದ ಅರ್ಥ ಗೊತ್ತಿದ್ದಿದ್ದರೆ ಬಾಗಿಲಲ್ಲೇ ಜಾಣಿಯಂತೆ ಹೆಸರು ಹೇಳಿ, ಹೋಳಿಗೆ ಹಂಚಿ, ಆಯಿಗೆ ನಮಸ್ಕಾರ ಮಾಡಿ ಬಂದುಬಿಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಭಯವಾಗುತ್ತದೆ, ಆಮೇಲೆ ನಗು ಬರುತ್ತದೆ.

ಗುಡ್ಡದ ಮೇಲೆ ಗಾಳಿಕಂಬಗಳು ತಿರುಗತೊಡಗಿವೆ, ಬಿಸಿಲು ಅಂಗಳಕ್ಕೆ ಇಳಿದಿದೆ. ಇದುವರೆಗೆ ಕಲಿಯುವವಳೆಂದು ನನ್ನನ್ನು ಒಡಪಿಲ್ಲದೆ ಒಳಗೆ ಬಿಡುತ್ತಿದ್ದರು. ಇವತ್ತು ಶನಿವಾರ, ಹಿರಿಮನೆಯ ಹೊಸ್ತಿಲಲ್ಲಿ ನಾನು ನನ್ನ ಮೊದಲ ಸರಿಯಾದ ಒಡಪು ಹೇಳಬೇಕು. ಆಯಿ ಕಲಿಸಿದ ಹಾಗೆ ಕಟ್ಟಿದ್ದೇನೆ, ಅರ್ಧ ಕೊಳ್ಳೇಗಾಲ, ಅರ್ಧ ಗದಗ. ಅಲ್ಲಿ ಹೇಳುವ ಮೊದಲು ನಿಮಗೇ ಹೇಳುತ್ತೇನೆ. ನೀವು ತಾನೇ ನನಗಿಂತ ಹಿರಿಯರು, ಕಾಲದ ಹೊಸ್ತಿಲಿಗೆ ಅಡ್ಡ ಕೂತವರು. ಮಾತು ಕೊಟ್ಟಂತೆ ಹೆಸರು ಕೊನೆಯಲ್ಲಿದೆ, ಬಟ್ಟೆ ಉಟ್ಟುಕೊಂಡೇ ಬಂದಿದೆ. ಸುಖವಾಗಿರಿ.

ಎಮ್ಮೆಯೆಂದು ಒಗಟು ಹೇಳಿ ಕೆಡಿಸಿಕೊಂಡೆ ವೇಷ,
ಆಯಿ ನಕ್ಕ ಮೇಲೆ ನನಗೆ ನಿಂತ ನೆಲವೇ ದೇಶ,
ನೂರಾರು ವರ್ಷ ಹಿಂದಿನವರೇ, ಮುಟ್ಟಿತೇ ಸಂದೇಶ?
ದಾರಿ ಬಿಡಿ, ಎಬ್ಬಿಸಬೇಕು, ಇನ್ನೂ ಮಲಗಿದ್ದಾರೆ ತೋಂಟೇಶ.